ಪಾದ್ರಿ ಇಲ್ಲದ ಊರಿನ ಪ್ರಾರ್ಥನೆ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿ ಮನೆಮಾತಿನ ಕ್ಯಾಥೊಲಿಕರು. ದೇವರೊಂದಿಗೆ ನೇರ ಸಂಬಂಧ ಎಂಬ ಮಾತು ಇವರ ನಡುವೆ ಓಡಾಡತೊಡಗಿದ್ದು ಈಚಿನ ನಾಲ್ಕೈದು ದಶಕಗಳಲ್ಲಿ. ಅಭ್ಯಾಸ ಮಾತ್ರ ಹಳೆಯದು. ಇಗರ್ಜಿಯೂ ಪಾದ್ರಿಯೂ ಕೈಗೆ ಸಿಗದ ಕಾಲದಲ್ಲೇ ಅದು ಗಟ್ಟಿಯಾಯಿತು ಎಂಬುದು ನನ್ನ ಎಣಿಕೆ.

ಕೆಳದಿಯ ರಾಣಿ ಚೆನ್ನಮ್ಮ 1678ರ ಒಪ್ಪಂದದಲ್ಲಿ ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಪೋರ್ಚುಗೀಸರಿಗೆ ಅನುಮತಿ ಕೊಟ್ಟಳು. ಕಟ್ಟಡಕ್ಕೆ ಜಾಗ ಸಿಕ್ಕಿತು, ಜಗಳ ತಪ್ಪಲಿಲ್ಲ. ಇಲ್ಲಿನ ಭಕ್ತರ ಮೇಲೆ ಅಧಿಕಾರ ಯಾರದು ಎಂದು ಪೋರ್ಚುಗೀಸ್ ದೊರೆಯ ಧರ್ಮಪೋಷಣೆಯ ಹಕ್ಕನ್ನು (ಪದ್ರುವಾದೊ) ಎತ್ತಿಹಿಡಿದ ಪಕ್ಷವೂ ರೋಮಿನ ಪಕ್ಷವೂ ಹಗ್ಗಜಗ್ಗಾಟಕ್ಕೆ ನಿಂತವು. 1681ರಲ್ಲಿ ಗೋವೆಯಿಂದ ಬಂದ ಪಾದ್ರಿ ಜೋಸೆಫ್ ವಾಜ್ ಈ ಜಗಳದ ನಡುವೆಯೇ ಹೊನ್ನಾವರ, ಬಸ್ರೂರು, ಗಂಗೊಳ್ಳಿ ಎಂದು ಕರಾವಳಿ ಸುತ್ತಿದರು. ಜನರ ಭಾಷೆಯೇ ಅವರ ಭಾಷೆಯೂ ಆಗಿತ್ತು. ಅದಕ್ಕೂ ಮೊದಲು, 1677ರ ಆಗಸ್ಟ್ 5ರಂದು, ತಾನು ಮರಿಯಮ್ಮನ ದಾಸನೆಂದು ಅವರು ಪತ್ರ ಬರೆದು ಸಹಿ ಹಾಕಿದ್ದರು. ಪುರಂದರದಾಸರನ್ನು ಕೇಳಿ ಬೆಳೆದ ನಾಡಿಗೆ ಈ ಭಾವ ಅಪರಿಚಿತವಲ್ಲ. ಮೂರು ವರ್ಷದ ಓಡಾಟದಲ್ಲಿ ಅವರು ಊರೂರಿನಲ್ಲಿ ಗೃಹಸ್ಥರ ಭಕ್ತಸಂಘಗಳನ್ನು ಹುಟ್ಟುಹಾಕಿದರು. ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೆಲಸ ಅದೇ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳು ಗಡೀಪಾರಾದರು. 1799ರಲ್ಲಿ ಟಿಪ್ಪು ಮಡಿಯುವವರೆಗೆ ಪೂಜೆ, ಕುಮ್ಸಾರ್ (ಪಾಪನಿವೇದನೆ) ಎಲ್ಲ ದುರ್ಲಭ. ಪಾದ್ರಿ ಇಲ್ಲದೆಯೂ ನಡೆಯಬಲ್ಲದ್ದು ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಒಂದೇ. ದೀಪ ಹಚ್ಚುವ ಹೊತ್ತಿಗೆ ಆಲ್ತಾರಿನ ಮುಂದೆ ಮನೆಮಂದಿ ಮೊಣಕಾಲೂರಿ ಜಪಮಣಿ ಎಣಿಸುವುದು, ಮುಗಿದ ಮೇಲೆ ಕಿರಿಯರು ಹಿರಿಯರ ಬೆಸಾಂವ್ (ಆಶೀರ್ವಾದ) ಬೇಡುವುದು. ಇದು ಬರೀ ಬಾಯಿಪಾಠ ಎಂಬ ಟೀಕೆ ಇದೆ. ನಿದ್ದೆಗಣ್ಣಿನ ಮಕ್ಕಳನ್ನು ನೋಡಿದರೆ ಟೀಕೆ ಸುಳ್ಳೆನ್ನಲಾಗದು. ಆದರೆ ಮಣಿಗಳ ಸಾಲಿನ ಕೊನೆಗೆ ಮನೆಯ ಹಿರಿಯಳು ಕಡಲಿಗೆ ಹೋದವನನ್ನೋ ಬಸುರಿ ಮಗಳನ್ನೋ ಹೆಸರು ಹಿಡಿದು ದೇವರಿಗೆ ಒಪ್ಪಿಸುವಾಗ ಅದು ಯಾವ ಪುಸ್ತಕದ ಪಾಠವೂ ಅಲ್ಲ.

ಪ್ರೊಟೆಸ್ಟಂಟ್ ಧಾರೆ ಬೇರೆ ದಾರಿಯಿಂದ ಬಂತು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ನಿನ ಬೇರು ಜರ್ಮನಿಯ ಪಯಟಿಸ್ಟ್ ಪಂಥದಲ್ಲಿತ್ತು. ವ್ಯಕ್ತಿಯೊಬ್ಬನ ಎದೆಯೊಳಗಿನ ಪರಿವರ್ತನೆಯೇ ಅವರಿಗೆ ಮುಖ್ಯ. 1844ರಲ್ಲಿ ದೀಕ್ಷಾಸ್ನಾನ ಪಡೆದ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಈ ಬಗೆಯ ಒಂಟಿ ನಿರ್ಧಾರಕ್ಕೆ ಹೆಸರಾದವರು. ಮಿಷನ್ ಬರುವ ಮೊದಲೇ, 1831ರ ಹೊತ್ತಿಗೆ, ಇಡೀ ಬೈಬಲ್ ಕನ್ನಡದಲ್ಲಿತ್ತು. ಈ ಮಿಷನ್ನಿನ ಕಿಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದು 'ಕಥಾಮಾಲೆ' ಬರೆದರು. ಒಬ್ಬನೇ ಕೂತು ದೇವರ ಮಾತು ಓದಬಹುದೆಂಬುದನ್ನು ಕರಾವಳಿಗೆ ತೋರಿಸಿಕೊಟ್ಟವರು ಮಿಷನ್ನಿನವರು.

ಆ ರೂಢಿ ಕ್ಯಾಥೊಲಿಕರ ಮನೆ ಹೊಕ್ಕಿದ್ದು ಎರಡನೇ ವ್ಯಾಟಿಕನ್ ಸಭೆಯ (1962–65) ನಂತರ. ಲ್ಯಾಟಿನ್ ಪೂಜೆ ಹೋಗಿ ಕೊಂಕಣಿ, ಕನ್ನಡ ಬಂದವು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1967ರಲ್ಲಿ ವಿದ್ಯಾರ್ಥಿಗಳ ನಡುವೆ ಹುಟ್ಟಿದ ಕ್ಯಾರಿಸ್ಮ್ಯಾಟಿಕ್ ಚಳವಳಿ 1970ರ ದಶಕದ ಆರಂಭದಲ್ಲಿ ಮುಂಬಯಿ ಮುಟ್ಟಿತು. ಮುಂದೆ ಕೇರಳದ ಮುರಿಂಗೂರು, ನಮ್ಮ ಮೂಲ್ಕಿಯ ಧ್ಯಾನಕೇಂದ್ರಗಳಿಗೆ ಜನ ಹರಿದರು. ಚಪ್ಪಾಳೆ, ಕಣ್ಣೀರು, ಎಲ್ಲರೆದುರು ಸಾಕ್ಷಿ ಹೇಳುವುದು, ಎಲ್ಲಕ್ಕಿಂತ ಹೆಚ್ಚಾಗಿ ಸ್ವಂತ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದು: ತಲೆ ತಗ್ಗಿಸಿ ಗುನುಗುತ್ತಿದ್ದವರಿಗೆ ಇದು ಹೊಸ ಧೈರ್ಯ ಕೊಟ್ಟಿತು. ರೋಗ ವಾಸಿಯಾದ ಕಥೆಗಳೇ ವೇದಿಕೆ ತುಂಬಿದಾಗ ನನಗೆ ಮುಜುಗರವಾಗುತ್ತದೆ. ಸಂಬಂಧ ವ್ಯವಹಾರಕ್ಕೆ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ.

ಹರಕೆಯೂ ವ್ಯವಹಾರವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ಚಂದಾವರಕ್ಕೆ ಹೋಗಬೇಕು. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬಕ್ಕೆ ಹಿಂದೂಗಳೂ ಮೇಣದಬತ್ತಿ ಹಿಡಿದು ಸಾಲು ನಿಲ್ಲುತ್ತಾರೆ. ಮೂಲ್ಕಿಯಲ್ಲಿ ಸ್ವಂತ ಮಾತಿನ ಪ್ರಾರ್ಥನೆ ಕಲಿತವರೂ ಆ ಸಾಲಿನಲ್ಲಿರುತ್ತಾರೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಅನಿಸಿದಂತಿಲ್ಲ.