ಮನೆ ಪಕ್ಕದ ಶಾಲೆ, ಪರೀಕ್ಷೆಯ ಬಾಗಿಲು: ಪೆಂಡಲ್ ಹಿಲ್‌ನ ಕಥೆ

ಗಲ್ಫಿನಲ್ಲಿ ದುಡಿಯುವ ನಮ್ಮವರ ಮನೆಗಳಲ್ಲಿ ಮಗು ಪ್ರೈಮರಿ ಮೆಟ್ಟಿಲು ಹತ್ತಿದ ಕೂಡಲೇ ಒಂದು ಚರ್ಚೆ ಶುರುವಾಗುತ್ತದೆ. ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲೇ ಮುಂದುವರಿಸುವುದೋ, ಊರಿಗೆ ಅಜ್ಜ-ಅಜ್ಜಿಯ ಬಳಿ ಬಿಡುವುದೋ, ಪಿ.ಆರ್. ಸಿಕ್ಕರೆ ಆಸ್ಟ್ರೇಲಿಯಾಕ್ಕೆ ಹೊರಡುವುದೋ? ಮೂರನೆಯ ದಾರಿ ಹಿಡಿದವರ ಬಾಯಲ್ಲಿ ಆಗಾಗ ಕೇಳಿಬರುವ ಹೆಸರು ಸಿಡ್ನಿಯ ಪಶ್ಚಿಮದ ಪೆಂಡಲ್ ಹಿಲ್. ಅಲ್ಲಿಗೆ ಹೋಗುವವರ ಮೊದಲ ಪ್ರಶ್ನೆಯೂ ಒಂದೇ: ಯಾವ ಪ್ರೈಮರಿ ಶಾಲೆಗೆ ಸೇರಿಸಿದರೆ ಮಗುವಿಗೆ ಮುಂದೆ ಸೆಲೆಕ್ಟಿವ್ ಹೈಸ್ಕೂಲು ಸಿಗುತ್ತದೆ? ಈ ಪ್ರಶ್ನೆಗೆ ಉತ್ತರ ಆ ಶಾಲೆಗಳ ಇತಿಹಾಸದಲ್ಲಿದೆ.

ಗಿರಣಿಯ ಊರು

ಪೆಂಡಲ್ ಹಿಲ್ ಎಂಬ ಹೆಸರು ಇಂಗ್ಲೆಂಡಿನ ಲ್ಯಾಂಕಾಶೈರಿನ ಒಂದು ಬೆಟ್ಟದ್ದು. ಲ್ಯಾಂಕಾಶೈರ್ ಹತ್ತಿ ಗಿರಣಿಗಳ ಸೀಮೆ. 1920ರ ದಶಕದಲ್ಲಿ ಸಿಡ್ನಿಯ ಈ ಭಾಗದಲ್ಲೂ ಬಾಂಡ್ಸ್ ಕಂಪನಿಯ ಹತ್ತಿ ಗಿರಣಿ ಎದ್ದಿತು. ನಮ್ಮ ದಾವಣಗೆರೆಯ ಹಾಗೆ ಇಲ್ಲಿಯೂ ಗಿರಣಿಯ ದುಡಿಮೆಯಿಂದ ಎಷ್ಟೋ ಸಂಸಾರಗಳು ನಡೆದವು. ಇಂದು ಪೆಂಡಲ್ ಹಿಲ್, ಗಿರವೀನ್, ಟೂಂಗಬ್ಬಿ, ವೆಂಟ್‌ವರ್ತ್‌ವಿಲ್ ಸುತ್ತಮುತ್ತ ಭಾರತ ಮತ್ತು ಶ್ರೀಲಂಕಾದಿಂದ ಬಂದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ದುಡಿಯಲು ಬಂದವರ ಊರು ಅಂದೂ ಹೌದು, ಇಂದೂ ಹೌದು.

ಆಯ್ಕೆಯ ಶಾಲೆ ಬಂದ ಬಗೆ

ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1880ರ ಶಿಕ್ಷಣ ಕಾಯ್ದೆಯ ಫಲವಾಗಿ 1883ರಲ್ಲಿ ಸಿಡ್ನಿ ಬಾಯ್ಸ್ ಮತ್ತು ಸಿಡ್ನಿ ಗರ್ಲ್ಸ್ ಹೈಸ್ಕೂಲುಗಳು ಆರಂಭವಾದವು. ಪ್ರೈಮರಿ ಮುಗಿಸಿದ ಮಕ್ಕಳನ್ನು ಪರೀಕ್ಷೆಯಿಂದ ಬೇರ್ಪಡಿಸಿ ಬೇರೆ ಬೇರೆ ಬಗೆಯ ಶಾಲೆಗಳಿಗೆ ಕಳಿಸುವ ಪದ್ಧತಿ ದಶಕಗಳ ಕಾಲ ನಡೆಯಿತು. 1957ರಲ್ಲಿ ಹೆರಾಲ್ಡ್ ವಿಂಡಮ್ ಸಮಿತಿ ಇದನ್ನು ಪ್ರಶ್ನಿಸಿ, ಒಂದು ಪ್ರದೇಶದ ಎಲ್ಲ ಮಕ್ಕಳೂ ಒಂದೇ ಹೈಸ್ಕೂಲಿನಲ್ಲಿ ಓದಲಿ ಎಂದಿತು. 1962ರಿಂದ ಆ ಯೋಜನೆ ಜಾರಿಗೆ ಬಂದು, ಸೆಲೆಕ್ಟಿವ್ ಶಾಲೆಗಳು ಬೆರಳೆಣಿಕೆಗೆ ಇಳಿದವು.

1988ರಲ್ಲಿ ಗಾಳಿ ಮತ್ತೆ ತಿರುಗಿತು. ನಿಕ್ ಗ್ರೈನರ್ ಸರ್ಕಾರದ ಶಿಕ್ಷಣ ಸಚಿವ ಟೆರಿ ಮೆದರೆಲ್ ಸೆಲೆಕ್ಟಿವ್ ಶಾಲೆಗಳ ಸಂಖ್ಯೆ ಹೆಚ್ಚಿಸಿದರು. ಆ ಹೊತ್ತಿನಲ್ಲೇ ಪೆಂಡಲ್ ಹಿಲ್‌ಗೆ ತಾಗಿದಂತಿರುವ ಗಿರವೀನ್ ಹೈಸ್ಕೂಲು ಸಾಮಾನ್ಯ ಶಾಲೆಯಿಂದ ಸೆಲೆಕ್ಟಿವ್ ಶಾಲೆಯಾಯಿತು. ಮನೆಯಿಂದ ಕೂಗಳತೆಯ ಶಾಲೆಗೆ ನೆರೆಯ ಮಗುವೂ ಪರೀಕ್ಷೆ ಬರೆದೇ ಹೋಗಬೇಕಾಯಿತು.

ಪ್ರೈಮರಿ ಶಾಲೆಯ ಪಾತ್ರ ಎಷ್ಟು?

ಅಲ್ಲಿ ಸರ್ಕಾರಿ ಪ್ರೈಮರಿ ಶಾಲೆಯ ಸೀಟು ಮನೆಯ ವಿಳಾಸವನ್ನು ನೋಡಿ ಸಿಗುತ್ತದೆ. ಪೂರ್ತಿ ಸೆಲೆಕ್ಟಿವ್ ಹೈಸ್ಕೂಲಿಗೆ ಅಂಥ ವಿಳಾಸದ ಗೆರೆಯೇ ಇಲ್ಲ. ರಾಜ್ಯದ ಯಾವ ಮೂಲೆಯ ಮಗುವೂ ಅರ್ಜಿ ಹಾಕಬಹುದು. ಆದ್ದರಿಂದ ಗಿರವೀನ್ ಹೈಸ್ಕೂಲಿನ ಆಸೆಗೆ ಹೆಚ್ಚು ಬಾಡಿಗೆ ತೆತ್ತು ಅದರ ಪಕ್ಕದಲ್ಲಿ ಮನೆ ಹಿಡಿದರೆ ಓಡಾಟದ ಸಮಯ ಉಳಿದೀತು, ಸೀಟು ಸಿಗದು.

ಹಿಂದೆ ಪ್ರೈಮರಿ ಶಾಲೆ ಕೊಡುವ ಅಂಕಗಳನ್ನೂ ಆಯ್ಕೆಗೆ ಸೇರಿಸುತ್ತಿದ್ದರು. ಈಗ ಅದಿಲ್ಲ. 6ನೇ ತರಗತಿಯಲ್ಲಿ ನಡೆಯುವ ಪರೀಕ್ಷೆಯ ನಾಲ್ಕು ಭಾಗಗಳೇ ಲೆಕ್ಕ: ಓದು, ಗಣಿತ, ತರ್ಕ, ಬರವಣಿಗೆ. ಸುಮಾರು 4,200 ಸೀಟಿಗೆ 15,000ಕ್ಕೂ ಹೆಚ್ಚು ಮಕ್ಕಳು ಸ್ಪರ್ಧಿಸುತ್ತಾರೆ. ಹಿಂದುಳಿದ ಹಿನ್ನೆಲೆಯ ಮಕ್ಕಳಿಗೆ ಶೇ. 20ರವರೆಗೆ ಸೀಟು ಮೀಸಲಿಡುವ ಕ್ರಮವೂ ಇತ್ತೀಚೆಗೆ ಬಂದಿದೆ.

ಪ್ರೈಮರಿ ಹಂತದಲ್ಲೇ ಇನ್ನೊಂದು ಬಾಗಿಲಿದೆ. 1932ರಿಂದ ನಡೆದುಬಂದಿರುವ 'ಆಪರ್ಚುನಿಟಿ ಕ್ಲಾಸ್', ಎಂದರೆ ಓ.ಸಿ. 4ನೇ ತರಗತಿಯಲ್ಲಿ ಪರೀಕ್ಷೆ ಬರೆದು ಗೆದ್ದವರು 5 ಮತ್ತು 6ನ್ನು ಕೆಲವು ನಿಗದಿತ ಶಾಲೆಗಳಲ್ಲಿ ಓದುತ್ತಾರೆ. ಆದರೆ ಓ.ಸಿ.ಯಲ್ಲಿ ಓದಿದವರೂ ಹೈಸ್ಕೂಲಿಗೆ ಮತ್ತೆ ಪರೀಕ್ಷೆ ಬರೆಯಲೇಬೇಕು.

ಹಾಗಾದರೆ ಪ್ರೈಮರಿ ಶಾಲೆ ಆರಿಸುವಾಗ ಏನು ನೋಡಬೇಕು? ಮಕ್ಕಳು ದಿನವೂ ಓದುತ್ತಾರೆಯೇ, ಸ್ವಂತ ಮಾತಿನಲ್ಲಿ ಬರೆಯುತ್ತಾರೆಯೇ, ಬರೆದದ್ದನ್ನು ಟೀಚರು ತಿದ್ದಿ ಕೊಡುತ್ತಾರೆಯೇ, ಹೊಸದಾಗಿ ಬಂದ ಮಗುವಿಗೆ ಇಂಗ್ಲಿಷಿನಲ್ಲಿ ನೆರವಿದೆಯೇ ಎಂದು. ನಾಲ್ಕು ಭಾಗಗಳಲ್ಲಿ ಎರಡು ಓದು-ಬರಹಕ್ಕೇ ಸೇರಿವೆ. ಗಣಿತದಲ್ಲಿ ಮುಂದಿರುವ ನಮ್ಮ ಮಕ್ಕಳು ಇದನ್ನು ಹಗುರವಾಗಿ ಎಣಿಸಬಾರದು.

ಮೆಲ್ಬರ್ನ್‌ನಲ್ಲಿ ಬೇರೆ ಲೆಕ್ಕ

ವಿಕ್ಟೋರಿಯಾ ರಾಜ್ಯದಲ್ಲಿ ಇಂಥ ಶಾಲೆಗಳು ನಾಲ್ಕೇ: ಮೆಲ್ಬರ್ನ್ ಹೈಸ್ಕೂಲ್, ಮ್ಯಾಕ್‌ರಾಬರ್ಟ್‌ಸನ್ ಗರ್ಲ್ಸ್, 2010ರಲ್ಲಿ ತೆರೆದ ನೋಸಲ್, 2011ರಲ್ಲಿ ತೆರೆದ ಸುಝೇನ್ ಕೋರಿ. ಪ್ರವೇಶ 9ನೇ ತರಗತಿಗೆ, ಪರೀಕ್ಷೆ 8ರಲ್ಲಿ. ಒಂದೇ ಶಾಲೆಯಿಂದ ಬರುವವರಿಗೆ ಸಾಮಾನ್ಯವಾಗಿ ಶೇ. 5ರ ಮಿತಿಯೂ ಉಂಟು. ಜಾಣ ಮಕ್ಕಳೇ ತುಂಬಿರುವ ಶಾಲೆ ಹುಡುಕಿ ಸೇರಿಸಿದರೆ ಅದೇ ತೊಡಕಾಗಲೂಬಹುದು.

ನಮಗೆ ಇದರಲ್ಲಿ ಏನಿದೆ?

ಗಲ್ಫಿನಿಂದ ಹೊರಡುವವರು ಮೊದಲು ನೋಡಬೇಕಾದದ್ದು ವೀಸಾ. ಸಿಡ್ನಿಯ ಸೆಲೆಕ್ಟಿವ್ ಸೀಟು ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ಪ್ರಜೆಗಳಿಗೆ ಮತ್ತು ಪಿ.ಆರ್. ಇದ್ದವರಿಗೆ; ತಾತ್ಕಾಲಿಕ ವೀಸಾದ ಮೇಲೆ ಹೋದ ಮಗುವಿಗಲ್ಲ. ಎರಡನೆಯದು ಸಮಯ. ಅಲ್ಲಿ ಶಾಲಾ ವರ್ಷ ಜನವರಿ ಕೊನೆಯಲ್ಲಿ ಆರಂಭ, ಅರ್ಜಿಯ ಗಡುವು ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಗಿಯುತ್ತದೆ. ಇಲ್ಲಿಯ ಮಾರ್ಚ್ ಪರೀಕ್ಷೆ ಮುಗಿಸಿ 6ನೇ ತರಗತಿಗೆಂದು ಹೋದವರಿಗೆ ಆ ವರ್ಷದ ಗಡುವು ಕೈತಪ್ಪಿರುತ್ತದೆ.

ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರಿಗೆ ಲೆಕ್ಕ ತಲೆಕೆಳಗು. 1985-86ರಲ್ಲಿ ಆರಂಭವಾದ ನವೋದಯ ವಿದ್ಯಾಲಯಗಳಲ್ಲಿ 6ನೇ ತರಗತಿಗೆ ಪರೀಕ್ಷೆಯ ಮೂಲಕ ಪ್ರವೇಶ, ಕನ್ನಡದಲ್ಲೂ ಬರೆಯಬಹುದು. ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಆ ಪಾಲಿಗೆ ಸೇರಲು 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಗಲ್ಫಿನ ದುಡ್ಡು ಬಂತೆಂದು 4ನೇ ತರಗತಿಗೆ ಮಗುವನ್ನು ಪೇಟೆಯ ಕಾನ್ವೆಂಟಿಗೆ ಹಾಕಿದರೆ ಆ ಹಕ್ಕು ಹೋಗುತ್ತದೆ. ಪೆಂಡಲ್ ಹಿಲ್‌ನಲ್ಲಿ ಪ್ರೈಮರಿ ಶಾಲೆಯ ಹೆಸರು ಹೈಸ್ಕೂಲಿನ ಬಾಗಿಲು ತೆರೆಯುವುದಿಲ್ಲ. ನಮ್ಮ ಹಳ್ಳಿಯಲ್ಲಿ ಅದೇ ತೆರೆಯುತ್ತದೆ.

ಸೆಲೆಕ್ಟಿವ್ ಶಾಲೆಗಳು ಒಮ್ಮೆ ಹೆಚ್ಚಿವೆ, ಒಮ್ಮೆ ಕುಗ್ಗಿವೆ, ಮತ್ತೆ ಹೆಚ್ಚಿವೆ. ನಿಯಮ ಬರೆಯುವವರು ಸರ್ಕಾರದವರು, ಅದು ಮುಂದೆಯೂ ಬದಲಾದೀತು. ಆದ್ದರಿಂದ ಬಾಡಿಗೆ ಮನೆ, ಟ್ಯೂಷನ್, ವಿಮಾನದ ಟಿಕೆಟ್ ಯಾವುದಕ್ಕೂ ದುಡ್ಡು ಕಟ್ಟುವ ಮುನ್ನ ಆ ವರ್ಷದ ನಿಯಮವನ್ನು ಓದಿಕೊಳ್ಳಿ. ಬೆವರಿನ ದುಡ್ಡು ಮಗುವಿನ ಓದಿಗೇ ಸೇರಲಿ.