ಇನ್ನೂ ಹುಟ್ಟದ ಕ್ಯಾಪ್ಟನ್‌ಗೊಂದು ಪ್ರತಿಮೆ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಬ್ಲೂಮಿಂಗ್ಟನ್ ಎಂಬ ಊರಿದೆ. ಅಲ್ಲಿ ಹಳೆಯ ರೈಲುಹಾದಿಯನ್ನು ಕಾಲುದಾರಿ ಮಾಡಿದ್ದಾರೆ. ಆ ದಾರಿಯ ಪಕ್ಕದಲ್ಲಿ 2020ರ ಅಕ್ಟೋಬರ್‌ನಲ್ಲಿ ಮಹಿಳೆಯೊಬ್ಬಳ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಪ್ರತಿಮೆ ನಿಲ್ಲಿಸುವುದು ಸಾಮಾನ್ಯವಾಗಿ ಬಾಳಿ ಹೋದವರಿಗೆ. ಈಕೆ ಹುಟ್ಟಬೇಕಾದದ್ದೇ 24ನೆಯ ಶತಮಾನದಲ್ಲಿ.

ಹೆಸರು ಕ್ಯಾಥ್ರಿನ್ ಜೇನ್‌ವೇ; ‘ಸ್ಟಾರ್ ಟ್ರೆಕ್: ವಾಯೇಜರ್’ ಧಾರಾವಾಹಿಯ ನೌಕಾನಾಯಕಿ. ಆ ಪಾತ್ರ ಮಾಡಿದವರು ಕೇಟ್ ಮಲ್ಗ್ರೂ. ಪ್ರತಿಮೆಗೆ ಹಣ ಕೂಡಿಸಿದವರು ಅಭಿಮಾನಿಗಳು.

ಸ್ಟಾರ್ ಟ್ರೆಕ್ ಶುರುವಾದದ್ದು 1966ರಲ್ಲಿ. ಮಹಿಳೆಯೊಬ್ಬಳು ಅದರ ಒಂದು ಸರಣಿಯ ಮುಖ್ಯ ಕ್ಯಾಪ್ಟನ್ ಆಗಲು 1995ರವರೆಗೆ ಕಾಯಬೇಕಾಯಿತು. ಅದೂ ಸುಲಭವಾಗಿ ಆಗಲಿಲ್ಲ. ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದ ಕೆನಡಾದ ನಟಿ ಜೆನೆವಿವ್ ಬುಜೋಲ್ಡ್ ಚಿತ್ರೀಕರಣ ಶುರುವಾದ ಎರಡು ದಿನಕ್ಕೇ ಬಿಟ್ಟು ನಡೆದರು. ಅವರ ಜಾಗಕ್ಕೆ ಮಲ್ಗ್ರೂ ಬಂದರು. ಆಗ ಚಾನೆಲ್‌ನವರಿಗೆ ಚಿಂತೆಯಾದದ್ದು ಆಕೆಯ ಕೂದಲು! ಕೇಶಶೈಲಿ ಒಪ್ಪಿಗೆಯಾಗಲಿಲ್ಲವೆಂದು ಕೆಲವು ದೃಶ್ಯಗಳನ್ನು ಮತ್ತೆ ಚಿತ್ರಿಸಿದರು.

ಮೊದಲ ಕಂತಿನಲ್ಲೇ ಒಂದು ಸಣ್ಣ ಮಾತುಕತೆ ಬರುತ್ತದೆ. ಆ ಕಾಲ್ಪನಿಕ ಪಡೆಯಲ್ಲಿ ಮೇಲಧಿಕಾರಿ ಹೆಣ್ಣಾದರೂ ‘ಸರ್’ ಎನ್ನುವುದೇ ರೂಢಿ. ಹೊಸ ಅಧಿಕಾರಿಯೊಬ್ಬನಿಗೆ ಜೇನ್‌ವೇ ‘ಸರ್’ ಬೇಡ ಎನ್ನುತ್ತಾಳೆ. ತೀರಾ ತುರ್ತಿದ್ದರೆ ‘ಮೇಡಂ’ ನಡೆಯುತ್ತದೆ, ತನಗಿಷ್ಟ ‘ಕ್ಯಾಪ್ಟನ್’. ಗಂಡಸಿನ ಗೌರವಪದದ ಎರವಲು ಬೇಡ, ಹೆಣ್ಣೆಂಬ ಗುರುತೂ ಮುಖ್ಯವಲ್ಲ. ಹುದ್ದೆಯ ಹೆಸರಷ್ಟೇ ಸಾಕು. ಅಭಿಮಾನಿಗಳು ಹಿಡಿದುಕೊಂಡದ್ದೂ ಅದನ್ನೇ.

ಕಥೆಯಲ್ಲಿ ಈ ಕ್ಯಾಪ್ಟನ್ ಮೂಲತಃ ವಿಜ್ಞಾನಿ. ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಸಿಕ್ಕಿಬಿದ್ದ ಹಡಗನ್ನು ಹಿಂದಕ್ಕೆ ತರುವುದು ಅವಳ ಹೊಣೆ. ಏಳು ಸೀಸನ್, 172 ಕಂತು ಅವಳು ತಪ್ಪುತ್ತಾಳೆ, ಹಟ ಹಿಡಿಯುತ್ತಾಳೆ, ಕಾಫಿ ಕುಡಿಯುತ್ತಾಳೆ, ಮತ್ತೆ ತೀರ್ಮಾನ ಮಾಡುತ್ತಾಳೆ. ಇದಕ್ಕೆಲ್ಲ ಬೆಲೆ ತೆತ್ತವರು ಮಲ್ಗ್ರೂ. ಆಗ ಅವರು ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತಿದ್ದರು. ಚಿತ್ರೀಕರಣದ ದೀರ್ಘ ದಿನಗಳಿಂದ ಮಕ್ಕಳಿಗೆ ಅಮ್ಮ ಸಿಗದೇ ಹೋದದ್ದನ್ನು ಮುಂದೆ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಜನ ಮೆಚ್ಚಿದ ಕ್ಯಾಪ್ಟನ್ ಮನೆಮಂದಿಯ ಪಾಲಿಗೆ ಅಮ್ಮನನ್ನು ಕಸಿದುಕೊಂಡವಳು.

ಆ ಮೆಚ್ಚುಗೆ ಬಾಹ್ಯಾಕಾಶಕ್ಕೂ ಹೋಯಿತು. 2015ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಇಟಲಿಯ ಗಗನಯಾತ್ರಿ ಸಮಂತಾ ಕ್ರಿಸ್ಟೊಫೊರೆಟ್ಟಿ, ಕಾಫಿ ಯಂತ್ರ ಹೊತ್ತ ಡ್ರ್ಯಾಗನ್ ನೌಕೆ ಸಮೀಪಿಸಿದಾಗ, ವಾಯೇಜರ್ ಸಮವಸ್ತ್ರ ತೊಟ್ಟು ಫೋಟೊ ಹಾಕಿದರು. ಜೊತೆಗೆ ಕಾಫಿಯ ಕುರಿತ ಜೇನ್‌ವೇಯ ಮಾತು. ನಟಿಯೊಬ್ಬರು ಸೆಟ್ಟಿನಲ್ಲಿ ತೊಟ್ಟ ವೇಷವನ್ನು ನಿಜವಾದ ಗಗನಯಾತ್ರಿ ಭೂಮಿಯನ್ನು ಸುತ್ತುತ್ತ ತೊಟ್ಟಿದ್ದರು.

ಬ್ಲೂಮಿಂಗ್ಟನ್ನಿಗೂ ಒಂದು ಕಾರಣವುಂಟು. ಸರಣಿಯ ಮೂವರು ಸೃಷ್ಟಿಕರ್ತರಲ್ಲಿ ಒಬ್ಬರಾದ ಜೆರಿ ಟೇಲರ್ ಓದಿದ್ದು ಅಲ್ಲಿನ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ. ಇದು ಆಕೆಯ ಮುಂದಿನ ಹುಟ್ಟೂರು ಎಂದು ಪ್ರತಿಮೆಯ ಕೆಳಗಿನ ಫಲಕ ಸಾರುತ್ತದೆ. ಹೆಸರಿನ ಹಿಂದೆ ಅದೇ ಪದ: ಕ್ಯಾಪ್ಟನ್.