ಅರ್ಧ ಅಳತೆಯ ಕಾರು, ಪೂರ್ತಿ ಅಳತೆಯ ಬಾಕಿ

ಭಾಗ 1

ಈ ಪುಟ್ಟ ಕಾರಿನ ಫೋಟೊ ಹಾಕಿದಾಗಿಂದ ಎಲ್ಲರದ್ದೂ ಒಂದೇ ಪ್ರಶ್ನೆ: "ಗುರು, ಮಾಡೋದೇ ಮಾಡ್ದೆ, ಫೆರಾರಿ ಮಾಡಬಾರದಿತ್ತಾ?" ಫೆರಾರಿ ಮಾಡೋರು ಪ್ರಪಂಚದ ತುಂಬ ಇದ್ದಾರೆ ಕಣ್ರೋ. ಇದು ಫೋರ್ಸ್ ಇಂಡಿಯಾ ವಿಜೆಎಂ 02. 2009ರಲ್ಲಿ ಫಾರ್ಮುಲಾ ಒನ್ ರೇಸ್‌ಗಳಲ್ಲಿ ಓಡಿದ್ದು. ತಂಡದ ಒಡೆಯರಲ್ಲಿ ಮುಖ್ಯವಾದವರು ನಮ್ಮ ಬೆಂಗಳೂರಿನ ಯುಬಿ ಗ್ರೂಪ್‌ನ ವಿಜಯ್ ಮಲ್ಯ.

ಈ ಕಾರಿನ ಮೇಲಿದ್ದ ಕಿಂಗ್‌ಫಿಷರ್ ಹಕ್ಕಿ ನಮ್ಮ ಕಡೆಯವರಿಗೆ ಟಿವಿಯಲ್ಲೇ ನೋಡಬೇಕಾದ್ದೇನಲ್ಲ. ಯುನೈಟೆಡ್ ಬ್ರೂವರೀಸ್‌ನ ಕಾರ್ಖಾನೆ ನಂಜನಗೂಡಿನಲ್ಲೇ ಇದೆ. ಚಿಕ್ಕಯ್ಯನಛತ್ರದಲ್ಲಿ ಬಸ್ಸಿಗೆ ಕಾಯೋರಿಗೆ ಈ ಹೆಸರು ಹೊಸದಲ್ಲ. ಬಣ್ಣದ ವಿಷಯಕ್ಕೂ ಅಷ್ಟೇ. ಹಿಮ್ಮಾವಿನಲ್ಲಿ 2018ರಿಂದ ಏಷ್ಯನ್ ಪೇಂಟ್ಸ್‌ನ ದೊಡ್ಡ ಕಾರ್ಖಾನೆ ನಡೀತಾ ಇದೆ, ಟ್ಯಾಂಕರ್‌ಗಟ್ಟಲೆ ಬಣ್ಣ ನಮ್ಮ ಪಕ್ಕದಲ್ಲೇ ತಯಾರಾಗುತ್ತೆ. ನನಗೆ ಬೇಕಾಗಿದ್ದ ಮೂವತ್ತು ಮಿಲಿ ಕೇಸರಿ ಮಾತ್ರ ಕೊರಿಯರ್‌ನಲ್ಲಿ ಬಂತು!

ಆದರೆ ಈ ಸೀರೀಸ್ ನನ್ನ ಮಾಡೆಲ್ ಬಗ್ಗೆ ಅಲ್ಲ. ಇದೇ ತಂಡದ ಇನ್ನೊಂದು ಮಾಡೆಲ್ ಬಗ್ಗೆ. ಅದು ಶೋಕೇಸಿನಲ್ಲಿ ಇಡೋದಲ್ಲ, ಲಂಡನ್ ಹೈಕೋರ್ಟ್‌ವರೆಗೂ ಹೋಗಿದ್ದು.

ಭಾಗ 2

ಮೊದಲು ಸ್ಕೇಲ್ ಅಂದ್ರೇನು ಅಂತ ಹೇಳ್ಬಿಡ್ತೀನಿ, ಮುಂದೆ ಬೇಕಾಗುತ್ತೆ.

ನನ್ನದು 1:20. ಅಂದ್ರೆ ನಿಜವಾದ ಕಾರಿನ 20 ಮಿ.ಮೀ ಇಲ್ಲಿ 1 ಮಿ.ಮೀ. ಅಂಗಡಿಯಲ್ಲಿ ರೆಡಿಮೇಡ್ ಸಿಗೋ ಲೋಹದ ಕಾರುಗಳು ಹೆಚ್ಚಾಗಿ 1:43 ಅಥವಾ 1:18. ಈ 43 ಅನ್ನೋ ವಿಚಿತ್ರ ಸಂಖ್ಯೆ ಬಂದಿದ್ದು ಬ್ರಿಟಿಷ್ ಆಟಿಕೆ ರೈಲುಗಳಿಂದ. ಒಂದು ಅಡಿಗೆ 7 ಮಿ.ಮೀ ಅಂತ ಲೆಕ್ಕ ಹಾಕಿದ್ರೆ ಸುಮಾರು 43.5 ಬರುತ್ತೆ. ಅರ್ಥ ಆಗ್ಲಿಲ್ವಾ? ನಂಜುಂಡೇಶ್ವರನ ದೇವಸ್ಥಾನದ ಉದ್ದ 385 ಅಡಿ ಅಂತ ಹೇಳ್ತಾರಲ್ಲ, ಅದನ್ನ 1:43ರಲ್ಲಿ ಮಾಡಿದ್ರೆ ಸುಮಾರು 9 ಅಡಿ ಆಗುತ್ತೆ. ನಮ್ಮ ಮನೆ ನಡುಮನೆಯಲ್ಲಿ ಕೂರುತ್ತೆ, ಆದರೆ ಅಮ್ಮ ಒಪ್ಪಲ್ಲ.

2009ರ ಕಾರನ್ನ ಅಳತೆಗೆ ಸರಿಯಾಗಿ ಮಾಡೋಕೆ ಒಂದು ಅನುಕೂಲ ಇದೆ. ಆ ವರ್ಷ ರೂಲ್ಸ್ ಪೂರ್ತಿ ಬದಲಾದವು, ಮುಖ್ಯ ಅಳತೆಗಳೆಲ್ಲ ರೂಲ್‌ಬುಕ್ಕಿನಲ್ಲೇ ಸಿಗುತ್ತವೆ. ಮುಂದಿನ ರೆಕ್ಕೆ 1400 ಮಿ.ಮೀ ಇದ್ದದ್ದು 1800ಕ್ಕೆ ಅಗಲ ಆಯ್ತು. ಹಿಂದಿನ ರೆಕ್ಕೆ 1000ದಿಂದ 750ಕ್ಕೆ ಕಿರಿದಾಗಿ ಮೇಲಕ್ಕೆ ಹೋಯ್ತು. ಕಾರಿನ ಎತ್ತರ ಹೆಚ್ಚೆಂದ್ರೆ 950. ಗೆರೆ ಇದ್ದ ಟೈರ್ ಹೋಗಿ ನುಣುಪಾದ ಸ್ಲಿಕ್ ಟೈರ್ ವಾಪಸ್ ಬಂತು, ವ್ಯಾಸ 660. ಎಲ್ಲವನ್ನೂ 20ರಿಂದ ಭಾಗಿಸಿ: ಮುಂದಿನ ರೆಕ್ಕೆ 90 ಮಿ.ಮೀ, ಹಿಂದಿನದು 37.5, ಎತ್ತರ 47.5, ಟೈರ್ 33. ಮುಂದೆ ಗುಡಿಸಲು ಮೊರ ಕಟ್ಟಿದ ಹಾಗೆ, ಹಿಂದೆ ಬಾಗಿಲ ಚೌಕಟ್ಟು ನಿಲ್ಲಿಸಿದ ಹಾಗೆ. ಆ ವರ್ಷ ಜನ ಈ ಕಾರುಗಳನ್ನ ನೋಡಿ ನಕ್ಕಿದ್ದು ಸುಮ್ನೆ ಅಲ್ಲ.

ಉಳಿದ ಅಳತೆ ಫೋಟೊ ನೋಡಿ ತೆಗೀಬೇಕು. ಟೈರ್ ವ್ಯಾಸ ಗೊತ್ತಿರೋದ್ರಿಂದ ಪಕ್ಕದಿಂದ ತೆಗೆದ ಫೋಟೊದಲ್ಲಿ ಟೈರನ್ನೇ ಅಳತೆಗೋಲು ಮಾಡ್ಕೊಂಡು ಮೂಗಿನ ಉದ್ದ, ಏರ್‌ಬಾಕ್ಸ್ ಎತ್ತರ ಎಲ್ಲ ಲೆಕ್ಕ ಹಾಕಬಹುದು. 1:20ರಲ್ಲಿ ಒಂದು ಮಿ.ಮೀ ಆಚೀಚೆ ಆದ್ರೆ ನಿಜವಾದ ಕಾರಲ್ಲಿ 2 ಸೆಂ.ಮೀ ಆಚೀಚೆ. ನನ್ನ ಕಾರಿಗೆ ಅದರಿಂದ ಏನೂ ಆಗಲ್ಲ. ಅದು ಟೇಬಲ್ ಮೇಲೆ ನಿಂತಿರುತ್ತೆ ಅಷ್ಟೇ.

ಭಾಗ 3

ನಿಜವಾದ ರೇಸ್ ತಂಡಕ್ಕೆ ಆ ಸಲಿಗೆ ಇಲ್ಲ. ಅವರೂ ಮೊದಲು ಮಾಡೋದು ಮಾಡೆಲ್‌ನೇ.

ಕಾರು ನೆಲಕ್ಕೆ ಕಚ್ಕೊಂಡು ಓಡಬೇಕಾದ್ರೆ ಗಾಳಿ ಅದನ್ನ ಮೇಲಿಂದ ಒತ್ತಬೇಕು. ಯಾವ ರೆಕ್ಕೆ ಎಷ್ಟು ಒತ್ತುತ್ತೆ, ಎಷ್ಟು ತಡೆಯುತ್ತೆ ಅಂತ ನೋಡೋಕೆ ವಿಂಡ್ ಟನಲ್ ಬೇಕು. ದೊಡ್ಡ ಫ್ಯಾನ್ ಗಾಳಿ ಬೀಸುತ್ತೆ, ಮಾಡೆಲ್ ಮೇಲಿಂದ ಒಂದು ಕಂಬಕ್ಕೆ ನೇತಾಡುತ್ತೆ, ಕೆಳಗೆ ರಸ್ತೆಯ ಬದಲು ಬೆಲ್ಟ್ ಓಡುತ್ತೆ, ಚಕ್ರ ತಿರುಗುತ್ತೆ. ಒಳಗಡೆ ಲೋಹದ ಬೆನ್ನುಮೂಳೆ, ಅದರಲ್ಲಿ ಬಲ ಅಳೆಯೋ ಸಾಧನ. ಹೊರಗಿನ ಚಿಪ್ಪನ್ನ ಬೇಕಾದಂಗೆ ಬಿಚ್ಚಿ ಬದಲಾಯಿಸಬಹುದು.

ಪೂರ್ತಿ ಸೈಜಿನ ಕಾರನ್ನೇ ಇಡಬಾರದಾ ಅಂದ್ರೆ, ಖರ್ಚು. ಟನಲ್ ಅಷ್ಟು ದೊಡ್ಡದಾಗಬೇಕು, ಕರೆಂಟ್ ಅಷ್ಟು ಬೇಕು. 2009ರ ಹೊತ್ತಿಗೆ ಖರ್ಚು ತಗ್ಗಿಸೋಕೆ ತಂಡಗಳು ಒಪ್ಪಂದಕ್ಕೆ ಬಂದವು: ಮಾಡೆಲ್ 60 ಪರ್ಸೆಂಟ್‌ಗಿಂತ ದೊಡ್ಡದಿರಬಾರದು, ಗಾಳಿ ಸೆಕೆಂಡಿಗೆ 50 ಮೀಟರ್ ಮೀರಬಾರದು. ಅಂದ್ರೆ ಗಂಟೆಗೆ 180 ಕಿ.ಮೀ. ಚಿಕ್ಕದಾದ್ರೆ ಏನು ತೊಂದರೆ ಅಂದ್ರೆ, ಅರ್ಧ ಸೈಜಿನ ಕಾರಿನ ಸುತ್ತ ಗಾಳಿ ದೊಡ್ಡ ಕಾರಿನ ಸುತ್ತ ಹರಿದ ಹಾಗೇ ಹರಿಯಬೇಕಾದ್ರೆ ವೇಗ ಎರಡರಷ್ಟು ಮಾಡಬೇಕು. ಅದಕ್ಕೆ ರೂಲ್ ಬಿಡಲ್ಲ. ಹಾಗಾಗಿ ಬಂದ ನಂಬರನ್ನ ತಿದ್ದಿ, ಅಂದಾಜು ಹಾಕಿ ನಂಬಬೇಕು. ಮಾಡೆಲ್ಲೇ ವಕ್ರ ಆಗಿದ್ರೆ ತಿದ್ದೋದು ಯಾವುದನ್ನ?

ಅಲ್ಲಿ ಮಾಡೆಲ್‌ನ ನಿಖರತೆ ಅನ್ನೋದು ನೇರವಾಗಿ ದುಡ್ಡು.

ಭಾಗ 4

ಈಗ ಕಥೆ. ಬಿಕಾಂ ಮಾಡ್ತಿರೋರು ಸರಿಯಾಗಿ ಓದಿ, ಇದು ನಮ್ಮ ಸಿಲಬಸ್ಸೇ.

2007ರ ಕೊನೆಯಲ್ಲಿ ಮಲ್ಯ ಮತ್ತು ನೆದರ್ಲೆಂಡ್ಸ್‌ನ ಮಿಖಿಯೆಲ್ ಮೊಲ್ ಸೇರಿ ಸ್ಪೈಕರ್ ತಂಡವನ್ನ ಸುಮಾರು 8.8 ಕೋಟಿ ಯೂರೋಗೆ ಕೊಂಡರು. ಅದೇ ತಂಡ ಒಂದು ಕಾಲದಲ್ಲಿ ಜೋರ್ಡನ್, ಆಮೇಲೆ ಮಿಡ್‌ಲ್ಯಾಂಡ್, ಆಮೇಲೆ ಸ್ಪೈಕರ್. ಹೊಸ ಬೋರ್ಡು: ಫೋರ್ಸ್ ಇಂಡಿಯಾ. 2008ರ ಫೆಬ್ರವರಿಯಲ್ಲಿ ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಮುಂದೆ ಮೊದಲ ಕಾರಿನ ಅನಾವರಣ ಆಯ್ತು. ಕಾರ್ಖಾನೆ ಮಾತ್ರ ಮೊದಲಿದ್ದಲ್ಲೇ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಆ ವರ್ಷ ಇಡೀ ಸೀಸನ್‌ಗೆ ಸಿಕ್ಕ ಪಾಯಿಂಟ್ಸ್ ಸೊನ್ನೆ.

ತಂಡ ತನ್ನ ಗಾಳಿ ಕೆಲಸದ ಒಂದು ಭಾಗವನ್ನ ಇಟಲಿಯ ಏರೋಲ್ಯಾಬ್ ಅನ್ನೋ ಕಂಪನಿಗೆ ಒಪ್ಪಿಸಿತ್ತು. ಅವರು ಮಾಡ್ತಾ ಇದ್ದದ್ದು ಅರ್ಧ ಅಳತೆಯ ಮಾಡೆಲ್. ನನ್ನದು 90 ಮಿ.ಮೀ ರೆಕ್ಕೆ, ಅವರದ್ದು 900. ಪ್ರತಿ ಭಾಗಕ್ಕೂ ಕಂಪ್ಯೂಟರ್‌ನಲ್ಲಿ ಕ್ಯಾಡ್ ಡ್ರಾಯಿಂಗ್, ಡ್ರಾಯಿಂಗ್‌ನಿಂದ ಭಾಗ, ಭಾಗದಿಂದ ಟೆಸ್ಟ್, ಟೆಸ್ಟಿನಿಂದ ಮತ್ತೆ ಡ್ರಾಯಿಂಗ್. ತಿಂಗಳಾನುಗಟ್ಟಲೆ ಇದೇ.

ಬಿಲ್ ಬರ್ತಾ ಇತ್ತು. ದುಡ್ಡು ಸರಿಯಾಗಿ ಹೋಗ್ತಾ ಇರಲಿಲ್ಲ. 2009ರ ಜುಲೈನಲ್ಲಿ ಏರೋಲ್ಯಾಬ್ ಸಾಕು ಅಂತ ಕಾಂಟ್ರಾಕ್ಟ್ ಮುಗಿಸಿತು. ಮುಂದಿನ ತಿಂಗಳೇ ಬೇರೆ ಗಿರಾಕಿ ಸಿಕ್ಕಿತು: 2010ಕ್ಕೆ ಫಾರ್ಮುಲಾ ಒನ್‌ಗೆ ಬರಬೇಕು ಅಂತಿದ್ದ ಮಲೇಷ್ಯಾದ ಲೋಟಸ್ ತಂಡ. ಅದರ ತಾಂತ್ರಿಕ ಮುಖ್ಯಸ್ಥ ಮೈಕ್ ಗ್ಯಾಸ್ಕೊಯ್ನ್ 2008ರಲ್ಲಿ ಫೋರ್ಸ್ ಇಂಡಿಯಾದಲ್ಲೇ ದೊಡ್ಡ ಹುದ್ದೆಯಲ್ಲಿ ಇದ್ದವರು. ಇಷ್ಟು ಸಾಕಲ್ವಾ ಅನುಮಾನ ಬರೋಕೆ?

ಲೋಟಸ್‌ಗೂ ಏರೋಲ್ಯಾಬ್ ಅರ್ಧ ಅಳತೆಯ ಮಾಡೆಲ್ ಶುರು ಮಾಡ್ತು. ಸಮಯ ಕಮ್ಮಿ. ಅಲ್ಲಿನ ಕೆಲವು ಡ್ರಾಫ್ಟ್‌ಮನ್‌ಗಳು ಕೆಲವು ಭಾಗಗಳಿಗೆ ಹಳೆ ಫೋರ್ಸ್ ಇಂಡಿಯಾ ಕ್ಯಾಡ್ ಫೈಲ್ ತೆಗೆದು ಅದರ ಮೇಲೇ ಕೆಲಸ ಮಾಡಿದ್ರು. ಕಾಲೇಜಿನಲ್ಲಿ ಹಿಂದಿನ ವರ್ಷದ ಸೀನಿಯರ್ ಪ್ರಾಜೆಕ್ಟ್ ಫೈಲ್ ಓಪನ್ ಮಾಡಿ "ಸೇವ್ ಆ್ಯಸ್" ಕೊಡ್ತಾರಲ್ಲ, ಹಾಗೆ. ಫೋರ್ಸ್ ಇಂಡಿಯಾ ಎಲ್ಲರ ಮೇಲೂ ಕೇಸ್ ಹಾಕಿತು: ನಮ್ಮ ಗುಟ್ಟು ಕದ್ದು ಲೋಟಸ್ ಕಾರು ಮಾಡಿದ್ದಾರೆ, ನಷ್ಟ ಕಟ್ಟಿಕೊಡಿ.

2012ರ ಮಾರ್ಚ್ 21ರಂದು ಲಂಡನ್ ಹೈಕೋರ್ಟಿನಲ್ಲಿ ಜಸ್ಟಿಸ್ ಅರ್ನಾಲ್ಡ್ ತೀರ್ಪು ಕೊಟ್ಟರು. ಫೈಲ್ ಬಳಸಿದ್ದು ನಿಜ, ಅದು ತಪ್ಪು. ಆದರೆ ಅದು ಬೇಗ ಮುಗಿಸೋಕೆ ಹಿಡಿದ ಅಡ್ಡದಾರಿ. ಇಡೀ ಮಾಡೆಲನ್ನ ಯೋಜನೆ ಹಾಕಿ ನಕಲು ಮಾಡಿದ್ದಾರೆ ಅನ್ನೋದು ಸಾಬೀತಿನ ಹತ್ತಿರಕ್ಕೂ ಬಂದಿಲ್ಲ. ಹಾಗಾಗಿ ಫೋರ್ಸ್ ಇಂಡಿಯಾಗೆ ಸಿಕ್ಕ ಪರಿಹಾರ 25,000 ಯೂರೋ. ಏರೋಲ್ಯಾಬ್‌ಗೆ ಫೋರ್ಸ್ ಇಂಡಿಯಾ ಕೊಡಬೇಕು ಅಂತ ಆಗಿದ್ದು ಸುಮಾರು 8.46 ಲಕ್ಷ ಯೂರೋ, ಹಳೇ ಬಿಲ್ ಬಾಕಿ.

ಆಗಿನ ರೇಟಿನಲ್ಲಿ ಒಂದು ಕಡೆ ಸುಮಾರು 16 ಲಕ್ಷ ರೂಪಾಯಿ, ಇನ್ನೊಂದು ಕಡೆ ಸುಮಾರು ಐದೂವರೆ ಕೋಟಿ. ಕೇಸ್ ಹಾಕಿದವರೇ ದುಡ್ಡು ಕೊಟ್ಟು ಬರಬೇಕಾಯ್ತು. ಅಪೀಲಿಗೂ ಹೋದರು, 2013ರಲ್ಲಿ ಅಲ್ಲೂ ಸೋತರು.

ನನಗೆ ಈ ತೀರ್ಪು ಇಷ್ಟ ಆಗೋದು ಎರಡನ್ನೂ ಬೇರೆ ಬೇರೆ ತೂಗಿದ್ದಕ್ಕೆ. ಬಾಕಿ ಉಳಿಸಿಕೊಂಡವನ ಫೈಲಾದ್ರೂ ಕದಿಯೋ ಹಾಗಿಲ್ಲ. ಫೈಲ್ ಕದ್ದ ಅಂತ ಅವನ ಬಾಕಿ ಮನ್ನಾನೂ ಇಲ್ಲ. ಟ್ರೇಡ್ ಪೇಯಬಲ್ಸ್ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಸಾಲು ಬರೀತೀವಲ್ಲ, ಅದರ ಹಿಂದೆ ಇಟಲಿಯಲ್ಲಿ ಎಮೆರಿ ಪೇಪರ್ ಹಿಡಿದು ಅರ್ಧ ಸೈಜಿನ ರೆಕ್ಕೆ ಉಜ್ಜಿದವನು ಕೂತಿರ್ತಾನೆ. ಉಜ್ಜಿ ನೋಡಿ, ಭುಜ ಏನಾಗುತ್ತೆ ಅಂತ ಗೊತ್ತಾಗುತ್ತೆ.

ಭಾಗ 5

ತಮಾಷೆ ಏನಂದ್ರೆ, ಜುಲೈನಲ್ಲಿ ಆ ಕಾಂಟ್ರಾಕ್ಟ್ ಮುರೀತು, ಆಗಸ್ಟ್ ಕೊನೆಯಲ್ಲಿ ತಂಡದ ಅತಿ ದೊಡ್ಡ ದಿನ ಬಂತು. ಬೆಲ್ಜಿಯಂನ ಸ್ಪಾ. ಉದ್ದುದ್ದ ನೇರ ರಸ್ತೆ, ಗಾಳಿ ತಡೆ ಕಮ್ಮಿ ಇರೋ ಕಾರಿಗೆ ಹಬ್ಬ. ಜಾಂಕಾರ್ಲೊ ಫಿಸಿಕೆಲ್ಲಾ ಮೊದಲ ಜಾಗದಿಂದ ಹೊರಟರು. ಒಂದೂ ಪಾಯಿಂಟ್ ಇಲ್ಲದ ತಂಡ ಎಲ್ಲರಿಗಿಂತ ಮುಂದೆ! ಆಗಸ್ಟ್ 30ರ ರೇಸಿನಲ್ಲಿ ಫೆರಾರಿಯ ರಾಯ್ಕೊನೆನ್ ಹೆಚ್ಚುವರಿ ಬ್ಯಾಟರಿ ಶಕ್ತಿ ಒತ್ತಿ ದಾಟಿಕೊಂಡರು. ಕೊನೆಗೆ ಅಂತರ ಒಂದು ಸೆಕೆಂಡ್‌ಗಿಂತ ಕಮ್ಮಿ. ಎರಡನೇ ಸ್ಥಾನ, 8 ಪಾಯಿಂಟ್ಸ್, ತಂಡದ ಇತಿಹಾಸದಲ್ಲೇ ಮೊದಲ ಪಾಯಿಂಟ್ಸ್. ಮುಂದಿನ ರೇಸಿಗೆ ಫಿಸಿಕೆಲ್ಲಾ ಫೆರಾರಿಗೇ ಹೋದರು, ಅದು ಬೇರೆ ಕಥೆ.

ನಾನು ಮಾಡಿರೋದು ಈ ಸ್ಪಾ ಕಾರು.

ಭಾಗ 6

ಬಣ್ಣದ ಬಗ್ಗೆ ಕೇಳಿದವರಿಗೆ.

ಫೋಟೊ ನಂಬಬೇಡಿ. ಆ ವರ್ಷ ಮೆಲ್ಬರ್ನ್ ರೇಸ್ ಸಂಜೆ ಶುರುವಾಗಿದ್ದು, ಇಳಿ ಬಿಸಿಲಿನಲ್ಲಿ ಕೇಸರಿ ಕುಂಕುಮದ ಕಡೆ ವಾಲುತ್ತೆ. ಮೋಡ ಇದ್ದ ದಿನದ ಫೋಟೊದಲ್ಲಿ ಅದೇ ಬಣ್ಣ ಕಿತ್ತಳೆ ಸಿಪ್ಪೆ. ಹತ್ತಾರು ಫೋಟೊ ಪಕ್ಕಪಕ್ಕ ಇಟ್ಟು ನಡುವಿನದ್ದು ಹಿಡೀಬೇಕು. ಇನ್ನೊಂದು: ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಹೆಚ್ಚು ಗಾಢವಾಗಿ ಕಾಣುತ್ತೆ. ಅದಕ್ಕೆ ಒಂಚೂರು ಬಿಳಿ ಸೇರಿಸಿ ತಿಳಿ ಮಾಡಬೇಕು. ಮೊದಲು ಬಿಳಿ ಪ್ರೈಮರ್, ಒಣಗಿದ ಮೇಲೆ ನೀರು ಹಚ್ಚಿ ನುಣುಪು ಎಮೆರಿ, ಆಮೇಲೆ ಬಿಳಿ, ಮಾಸ್ಕಿಂಗ್ ಟೇಪ್ ಅಂಟಿಸಿ ಕೇಸರಿ, ಮತ್ತೆ ಟೇಪ್, ಹಸಿರು. ಬಣ್ಣ ಒಂದೇ ಸಲ ದಪ್ಪ ಹೊಡೆಯೋದಕ್ಕಿಂತ ನಾಲ್ಕು ಸಲ ತೆಳ್ಳಗೆ. ಲೋಗೋ ಅಂಟಿಸೋಕೆ ಮುಂಚೆ ಹೊಳಪಿನ ಕ್ಲಿಯರ್ ಕೋಟ್ ಬೇಕು, ಇಲ್ಲಾಂದ್ರೆ ಡೆಕಾಲ್ ಕೆಳಗೆ ಗಾಳಿ ಸೇರಿ ಬೆಳ್ಳಗೆ ಕಾಣುತ್ತೆ.

ಕಿಂಗ್‌ಫಿಷರ್ ಲೋಗೋ ಹಾಕಲೋ ಬೇಡ್ವೋ ಅಂತ ಒಂದು ವಾರ ಯೋಚಿಸಿದೆ. ಆ ಹೆಸರಿನ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸ್ತು. ಅಲ್ಲಿ ಕೆಲಸ ಮಾಡ್ತಿದ್ದವರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ಅದೇ ಹೊತ್ತಿಗೆ ನೋಯ್ಡಾದ ಇಂಡಿಯನ್ ಗ್ರ್ಯಾಂಡ್ ಪ್ರೀಯಲ್ಲಿ ಇದೇ ತಂಡದ ಕಾರು ಓಡ್ತಾ ಇತ್ತು. 2011ರಲ್ಲಿ ಸಹಾರಾ 10 ಕೋಟಿ ಡಾಲರ್‌ಗೆ 42.5 ಪರ್ಸೆಂಟ್ ಪಾಲು ಕೊಂಡಿದ್ದರಿಂದ ಕಾರಿನ ಮೇಲೆ ಆ ಹೆಸರೂ ಬಂದಿತ್ತು.

ಲೋಗೋ ಹಾಕಿದೆ. ಅಕ್ಯುರೇಟ್ ಅಂತ ಹೇಳ್ಕೊಂಡ ಮೇಲೆ ಕಾರಿನ ಮೇಲೆ ಇದ್ದದ್ದು ಇರಬೇಕು. ಬೇಜಾರಾಗುತ್ತೆ ಅಂತ ಅಳಿಸಿದ್ರೆ ಅದು ಮಾಡೆಲ್ ಅಲ್ಲ, ಗೊಂಬೆ. ಆದರೆ ಕಾರಿನ ಕೆಳಗಿನ ಮರದ ಪೀಠಕ್ಕೆ ಒಂದು ಸಣ್ಣ ಪಟ್ಟಿ ಅಂಟಿಸಿದ್ದೀನಿ, ಕೊನೆ ಫೋಟೊ ಝೂಮ್ ಮಾಡಿ ನೋಡಿ. ಎಂಜಿನ್: ಮರ್ಸಿಡಿಸ್. ಗೇರ್‌ಬಾಕ್ಸ್: ಮೆಕ್ಲಾರೆನ್. ಕಾರ್ಖಾನೆ: ಸಿಲ್ವರ್‌ಸ್ಟೋನ್. ಅರ್ಧ ಅಳತೆಯ ಮಾಡೆಲ್ ಕೆಲಸ: ಏರೋಲ್ಯಾಬ್, ಇಟಲಿ, ಬಾಕಿ ಸಹಿತ.

ಭಾಗ 7

ತಂಡ ಕೆಟ್ಟದ್ದೇನೂ ಇರಲಿಲ್ಲ, ಅದನ್ನೂ ಹೇಳಬೇಕು. 2016 ಮತ್ತು 2017ರಲ್ಲಿ ಸಣ್ಣ ಬಜೆಟ್‌ನಲ್ಲೇ ನಾಲ್ಕನೇ ಸ್ಥಾನಕ್ಕೆ ಬಂತು. 2017ರಲ್ಲಿ ಹೊಸ ಸ್ಪಾನ್ಸರ್‌ಗಾಗಿ ಕಾರು ಪೂರ್ತಿ ಪಿಂಕ್ ಆಯ್ತು, ತ್ರಿವರ್ಣದ ಕಾಲ ಮುಗೀತು. ಅಷ್ಟರಲ್ಲಿ, 2016ರ ಮಾರ್ಚ್‌ನಲ್ಲಿ, ಮಲ್ಯ ದೇಶ ಬಿಟ್ಟಾಗಿತ್ತು.

2018ರ ಜುಲೈ 27ರಂದು ತಂಡ ಆಡಳಿತಾಧಿಕಾರಿಗಳ ಕೈಗೆ ಹೋಯ್ತು. ಅರ್ಜಿ ಹಾಕಿದ್ದು ಯಾರು ಗೊತ್ತಾ? ತಂಡದ ಡ್ರೈವರ್ ಸೆರ್ಜಿಯೊ ಪೆರೆಸ್! ಅವರಿಗೂ ದುಡ್ಡು ಬರಬೇಕಿತ್ತು. ಇನ್ಯಾರೋ ಸಾಲಗಾರರು ಕಂಪನಿಯನ್ನೇ ಮುಚ್ಚಿಸೋಕೆ ಮುಂಚೆ, ಕೆಲಸದಲ್ಲಿದ್ದ ಸುಮಾರು 400 ಜನ ಉಳೀಲಿ ಅಂತ ಹಾಗೆ ಮಾಡಿದೆ ಅಂದ್ರು. ಗೋಯಿಂಗ್ ಕನ್ಸರ್ನ್ ಅನ್ನೋ ಪದವನ್ನ ಎಕ್ಸಾಮಲ್ಲಿ ಎರಡು ಮಾರ್ಕಿಗೆ ಬರೀತೀವಿ, ಅದನ್ನ ಸ್ಟೀರಿಂಗ್ ಹಿಡಿದವನು ಬರೆದದ್ದು ಇಲ್ಲಿ.

ಕೆನಡಾದ ಲಾರೆನ್ಸ್ ಸ್ಟ್ರೋಲ್ ಗುಂಪು ತಂಡವನ್ನ ಕೊಂಡಿತು. ಅದುವರೆಗೆ ಗಳಿಸಿದ್ದ 59 ಪಾಯಿಂಟ್ಸ್ ಲೆಕ್ಕಕ್ಕಿಲ್ಲ ಅಂತಾಯ್ತು. ಹೊಸ ಹೆಸರಿನಲ್ಲಿ, ಸೊನ್ನೆಯಿಂದ, ಮೊದಲ ರೇಸ್ ಎಲ್ಲಿ? ಮತ್ತೆ ಸ್ಪಾ. 2018ರ ಆಗಸ್ಟ್ 26. ಒಕೊನ್ ಮೂರನೇ, ಪೆರೆಸ್ ನಾಲ್ಕನೇ ಜಾಗದಿಂದ ಹೊರಟು, ಪೆರೆಸ್ ಐದು, ಒಕೊನ್ ಆರನೇ ಸ್ಥಾನದಲ್ಲಿ ಮುಗಿಸಿದರು. ಆವತ್ತು ತಂಡದ ಹೆಸರು ರೇಸಿಂಗ್ ಪಾಯಿಂಟ್ ಫೋರ್ಸ್ ಇಂಡಿಯಾ, ಕಾರಿನ ಹೆಸರು ಇನ್ನೂ ವಿಜೆಎಂ 11. ಮುಂದಿನ ವರ್ಷದ ಕಾರಿಗೆ ಆರ್‌ಪಿ 19 ಅಂತ ಇಟ್ಟರು.

#ಮಾಡೆಲ್‌ಕಾರು #ಫೋರ್ಸ್‌ಇಂಡಿಯಾ #ಚಿಕ್ಕಯ್ಯನಛತ್ರ #ಬಿಕಾಂಕಥೆಗಳು